ಕುತ್ತಿಗೆ ನೋವಿಗೆ ಬೆಲ್ಟ್ ಕೇಳುವವರಿಗೆ

ಬಾಗಲಕೋಟೆಯ ನವನಗರದಲ್ಲಿ ನಾನು ಫಿಸಿಯೋಥೆರಪಿಸ್ಟ್. ಕುತ್ತಿಗೆ ನೋವು ಅಂತ ಬರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುವ ಮಾತು: "ಸರ, ಒಂದ್ ಛಲೋ ಬೆಲ್ಟ್ ಬರದ್ ಕೊಡ್ರಿ." ಕೆಲವರು ಅಂಗಡಿಯಿಂದ ತಾವೇ ತಂದು, ಕಟ್ಟಿಕೊಂಡೇ ಬಂದಿರುತ್ತಾರೆ. ಬೆಲ್ಟ್ ಇದ್ದರೆ ತಲೆ ಬಗ್ಗುವುದಿಲ್ಲ. ಹಾಗಾಗಿ ಹೊರಗಿನ ಬೆಂಚಿನ ಮೇಲೆ ಫೋನನ್ನೇ ಮೂಗಿನ ಮಟ್ಟಕ್ಕೆ ಎತ್ತಿ ರೀಲ್ಸ್ ನೋಡುತ್ತಿರುತ್ತಾರೆ!

ಜೊತೆಗೆ ವಾಟ್ಸಾಪಿನ ಒಂದು ಚಿತ್ರ ತೋರಿಸುತ್ತಾರೆ. ತಲೆ 60 ಡಿಗ್ರಿ ಬಗ್ಗಿದರೆ ಕುತ್ತಿಗೆ ಮೇಲೆ 27 ಕಿಲೋ ಭಾರ ಅಂತ. ಅದು 2014ರಲ್ಲಿ ಅಮೆರಿಕದ ಬೆನ್ನುಮೂಳೆ ಸರ್ಜನ್ ಒಬ್ಬರು ಕಂಪ್ಯೂಟರ್ ಮಾದರಿಯಲ್ಲಿ ಮಾಡಿದ ಲೆಕ್ಕ. ನೋವಿರುವವರನ್ನು ಕೂರಿಸಿ ಅಳೆದದ್ದಲ್ಲ. ತಲೆಯ ತೂಕ ಸುಮಾರು 5 ಕಿಲೋ, ಬಗ್ಗಿದಷ್ಟೂ ಹಿಂದಿನ ಸ್ನಾಯುಗಳಿಗೆ ಕೆಲಸ ಜಾಸ್ತಿ, ಅಷ್ಟು ನಿಜ. ಆದರೆ ಬಗ್ಗಿ ನೋಡುವವರಿಗೆಲ್ಲ ನೋವು ಬರುವುದಿಲ್ಲ. ಈ ವಿಷಯದಲ್ಲಿ ಸಂಶೋಧನೆಗಳೂ ಒಂದೇ ಮಾತು ಹೇಳುವುದಿಲ್ಲ. ಹಾಗಾಗಿ ಫೋನೇ ಕಾರಣ ಅಂತ ನಾನು ಯಾರಿಗೂ ಬರೆದು ಕೊಡುವುದಿಲ್ಲ. ನಿದ್ದೆ ಕೆಟ್ಟಿದ್ದರೂ, ಚಿಂತೆ ಇದ್ದರೂ ಕುತ್ತಿಗೆ ನೋಯುತ್ತದೆ.

ನನ್ನ ತಕರಾರು ಕದಲದೆ ಕೂರುವುದರ ಬಗ್ಗೆ. ತುಂಬಿದ ಕೊಡ ಹೊತ್ತು ಮನೆಗೆ ನಡೆಯುವ ಹೆಣ್ಣುಮಕ್ಕಳಿಗೆ ಅದೊಂದು ಭಾರವೇ ಅಲ್ಲ. ಅದೇ ಕೊಡ ಹಿಡಿದು ಅರ್ಧ ತಾಸು ನಿಂತಲ್ಲೇ ನಿಲ್ಲಿ ಅನ್ನಿ, ಬೈಸಿಕೊಳ್ಳುತ್ತೀರಿ. ಸ್ನಾಯು ಬಿಗಿದು ಸಡಿಲಾಗುತ್ತಿದ್ದರೆ ರಕ್ತ ಓಡಾಡುತ್ತದೆ. ಬಿಗಿದೇ ಇದ್ದರೆ ದಣಿದು ನೋಯತೊಡಗುತ್ತದೆ. ಇಳಕಲ್ಲಿನ ನೇಕಾರರಿಗೂ ಕುತ್ತಿಗೆ ನೋವಿದೆ, ಇಲ್ಲ ಅನ್ನಲ್ಲ. ಆದರೂ ಅವರ ಕೈಕಾಲು ಆಡುತ್ತಿರುತ್ತವೆ, ಎಳೆ ತುಂಡಾದರೆ ಎದ್ದು ಗಂಟು ಹಾಕುತ್ತಾರೆ. ಫೋನಿನಲ್ಲಿ ಏನೂ ತುಂಡಾಗುವುದಿಲ್ಲ. ಒಂದು ವಿಡಿಯೋ ಮುಗಿದರೆ ಇನ್ನೊಂದು ತಾನೇ ಶುರು.

ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ಬಂದಿದ್ದ. ಕ್ಲಾಸೆಲ್ಲ ಮೊಬೈಲಿನಲ್ಲೇ. "ಸರ, ಸ್ಟ್ಯಾಂಡ್ ತಗೊಂಡೀನ್ರಿ, ನೆಟ್ಟಗ ಕುಂಡ್ರತೀನಿ. ಆದ್ರೂ ನೋವು ಹೋಗವಲ್ದು" ಅಂದ. ಎಷ್ಟು ಹೊತ್ತು ಕೂರ್ತೀಯೋ ತಮ್ಮಾ ಅಂದೆ. "ಕ್ಲಾಸ್ ಮುಗಿಯೂ ತನಾ ಏಳಂಗಿಲ್ರಿ" ಅಂತ ಹೆಮ್ಮೆಯಿಂದ ಹೇಳಿದ. ಕ್ಲಾಸು ಮೂರು ತಾಸಿನದು. ಪಾಪ, ನೆಟ್ಟಗೆ ಕೂತಿದ್ದೇ ಅವನ ತಪಸ್ಸು. ನೆಟ್ಟಗೆ ಕೂತರೂ ಅದು ಕದಲದೆ ಕೂತದ್ದೇ ಅಲ್ವಾ? ಅವನಿಗೆ ಹೇಳಿದ್ದು ಇಷ್ಟೇ: ನೀರಿನ ಬಾಟಲಿ ಪಕ್ಕದ ಕೋಣೆಯಲ್ಲಿಡು, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ಕುಡಿ, ಬರುವಾಗ ಹೆಗಲು ತಿರುಗಿಸು. ವ್ಯಾಯಾಮವನ್ನೂ ಕಲಿಸಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನೋಡದೆ ಹೇಳುವಂಥದ್ದಲ್ಲ.

ಈಗ ಹೇಳಿ, ಕದಲದೆ ನೊಂದ ಕುತ್ತಿಗೆಗೆ ಬೆಲ್ಟ್ ಯಾಕೆ? ಅದು ಇದ್ದಬದ್ದ ಚಲನೆಯನ್ನೂ ನಿಲ್ಲಿಸುತ್ತದೆ. ಎರಡು ದಿನ ಹಾಯ್ ಅನ್ನಿಸಬಹುದು. ವಾರಗಟ್ಟಲೆ ಕಟ್ಟಿಕೊಂಡರೆ ಸ್ನಾಯುಗಳು ಸೋಮಾರಿಯಾಗುತ್ತವೆ, ಬಿಚ್ಚಿದರೆ ನೋವು, ಮತ್ತೆ ಬೆಲ್ಟ್. ಅಪಘಾತ ಅಥವಾ ಆಪರೇಷನ್ ಆದ ಮೇಲೆ ಡಾಕ್ಟರು ಹಾಕಿದ್ದರೆ ಮಾತ್ರ ಅವರನ್ನು ಕೇಳದೆ ಬಿಚ್ಚಬೇಡಿ. ಎಕ್ಸ್‌ರೇಯಲ್ಲಿ ಸವೆತ ಅಂತ ಬರೆದಿದ್ದಕ್ಕೆ ಅಂಜುವುದೂ ಬೇಡ. ನಲವತ್ತು ದಾಟಿದವರಲ್ಲಿ, ನೋವಿಲ್ಲದವರಲ್ಲೂ, ಅದು ಸಾಮಾನ್ಯ.

ಕೈ ಜೋಮು ಹಿಡಿಯುವುದು, ಹಿಡಿದ ಲೋಟ ಜಾರುವುದು, ನಡಿಗೆ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರದ ಜೊತೆ ಕುತ್ತಿಗೆ ಸೆಟೆಯುವುದು, ಬಿದ್ದ ಮೇಲೆ ಶುರುವಾದ ನೋವು: ಇವುಗಳಲ್ಲಿ ಒಂದಿದ್ದರೂ ನನ್ನ ಬೆಂಚಿನ ಮೇಲೆ ಕಾಯುತ್ತ ಕೂರಬೇಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ.