ಓದುಗರ ಪ್ರಶ್ನೆ: ಇಂಗ್ಲೆಂಡಿನ ಮೊದಲ ರೆಪರ್ಟರಿ ಬರ್ಮಿಂಗ್‌ಹ್ಯಾಮ್‌ದೇ ಅಲ್ವಾ?

ಅಲ್ಲ. ಎಷ್ಟು ಸಲ ಹೇಳಿದ್ರೂ ಇದೇ ಪ್ರಶ್ನೆ ತಿರುಗಿ ಬರುತ್ತೆ, ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಬರೀತಿದೀನಿ. ರೆಪರ್ಟರಿ, ಚಿಕ್ಕದಾಗಿ ರೆಪ್, ಅಂದ್ರೆ ಒಂದು ಕಾಯಂ ತಂಡ ಒಂದೇ ಥಿಯೇಟರ್‌ನಲ್ಲಿ ಒಂದಾದ ಮೇಲೊಂದು ಬೇರೆ ಬೇರೆ ನಾಟಕ ಆಡೋ ಪದ್ಧತಿ.

ಮೊದಲು ಶುರುವಾಗಿದ್ದು ಮ್ಯಾಂಚೆಸ್ಟರ್‌ನಲ್ಲಿ, ಶುರು ಮಾಡಿದ್ದು ಆನಿ ಹಾರ್ನಿಮನ್ ಅನ್ನೋ ಹೆಣ್ಣುಮಗಳು. ಟೀ ವ್ಯಾಪಾರದ ಮನೆತನ, ಕೈಯಲ್ಲಿ ದುಡ್ಡಿತ್ತು, ಡಬ್ಲಿನ್‌ನ ಆಬಿ ಥಿಯೇಟರ್‌ಗೂ ದುಡ್ಡು ಹಾಕಿದ್ದು ಇವರೇ. 1907ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಂಪನಿ ಕಟ್ಟಿ, ಮಾರನೇ ವರ್ಷ ಗೇಯಟಿ ಥಿಯೇಟರನ್ನೇ ಕೊಂಡ್ಕೊಂಡ್ರು. ಸ್ಟ್ಯಾನ್ಲಿ ಹೋಟನ್, ಹೆರಾಲ್ಡ್ ಬ್ರಿಗ್‌ಹೌಸ್ ಥರದ ಆ ಕಡೆಯ ಬರಹಗಾರರಿಗೆ ಸ್ಟೇಜ್ ಕೊಟ್ಟಿದ್ದು ಇದೇ ಗೇಯಟಿ. ಆಮೇಲೆ 1911ರಲ್ಲಿ ಲಿವರ್‌ಪೂಲ್. ಬರ್ಮಿಂಗ್‌ಹ್ಯಾಮ್ ರೆಪ್ ಬಾಗಿಲು ತೆಗೆದಿದ್ದು 1913ರ ಫೆಬ್ರವರಿ 15ಕ್ಕೆ, ಶೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ಆಡಿ. ಇಸವಿ ನೋಡಿದ್ರೇ ಗೊತ್ತಾಗುತ್ತಲ್ಲ!

ಹಾಗಿದ್ರೆ ಈ ತಪ್ಪು ಎಲ್ಲಿಂದ ಬಂತು ಅಂದ್ರೆ, ಮ್ಯಾಂಚೆಸ್ಟರ್, ಲಿವರ್‌ಪೂಲ್ ಎರಡೂ ಕಡೆ ಇದ್ದ ಹಳೇ ಥಿಯೇಟರನ್ನ ಕೊಂಡಿದ್ದು, ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾತ್ರ ಸ್ಟೇಷನ್ ಸ್ಟ್ರೀಟ್‌ನಲ್ಲಿ ರೆಪರ್ಟರಿಗೆ ಅಂತಲೇ ಹೊಸದಾಗಿ ಕಟ್ಟಡ ಎಬ್ಬಿಸಿದ್ರು. 464 ಸೀಟು, ಹಿಂದೆ ಕೂತೋರಿಗೂ ಸ್ಟೇಜ್ ಕಾಣೋ ಹಾಗೆ ಕಡಿದಾದ ಇಳಿಜಾರು. ಮೊದಲನೇದು ಅನ್ನೋ ಹೆಸರು ಸಲ್ಲಬೇಕಾದ್ದು ಆ ಕಟ್ಟಡಕ್ಕೆ, ಜನ ಅದನ್ನ ಎತ್ತಿ ಇಡೀ ರೆಪರ್ಟರಿ ಚಳವಳಿಗೇ ಅಂಟಿಸಿಬಿಟ್ರು. ಜೊತೆಗೆ ಗೇಯಟಿ ಕಂಪನಿ 1917ಕ್ಕೇ ಮುಗೀತು, ಥಿಯೇಟರ್ ಸಿನಿಮಾ ಹಾಲ್ ಆಯ್ತು, ಕೊನೆಗೆ ಅದನ್ನೂ ಕೆಡವಿದ್ರು. ಉಳಿದೋರ ಹೆಸರು ಉಳೀತು, ದಾರಿ ಹಾಕಿಕೊಟ್ಟ ಹೆಂಗಸಿನ ಹೆಸರು ಮರೆತೇ ಹೋಯ್ತು, ನನಗೆ ಸಂಕಟ ಆಗೋದು ಅದಕ್ಕೇ.

ಹಂಗಂತ ಬರ್ಮಿಂಗ್‌ಹ್ಯಾಮ್ ಸಣ್ಣದು ಅಂತ ಹೇಳ್ತಿಲ್ಲ. ಅಷ್ಟು ವರ್ಷ ಅದನ್ನ ನಡೆಸಿದ್ದು ಯಾರ ದುಡ್ಡು ಅಂತ ಯಾರೂ ಕೇಳಲ್ಲ ನೋಡಿ, ಕೇಳಬೇಕಾಗಿದ್ದು ಅದು. ಬ್ಯಾರಿ ಜಾಕ್ಸನ್ ಅಂತ, ಅವರಪ್ಪಂದು ಮೇಪೋಲ್ ಡೈರಿ ಅಂಗಡಿಗಳು, ಆ ಬೆಣ್ಣೆ ಹಾಲಿನ ದುಡ್ಡೆಲ್ಲ ನಾಟಕಕ್ಕೆ ಸುರಿದ್ರು. 1923ರಲ್ಲಿ 'ಸಿಂಬಲೀನ್' ನಾಟಕಾನ ಆಗಿನ ಕಾಲದ ಮಾಮೂಲಿ ಬಟ್ಟೇಲೇ ಆಡಿಸಿದ್ರು, ಶೇಕ್ಸ್‌ಪಿಯರನ ಪಾತ್ರಗಳು ಸೂಟು ಹಾಕ್ಕೊಂಡು ಬಂದ್ರೆ ಆಗಿನ ಜನಕ್ಕೆ ಹೆಂಗಾಗಿರಬೇಡ! ಆದ್ರೂ ಸೀಟು ತುಂಬ್ತಿರಲಿಲ್ಲ, 1924ರಲ್ಲಿ ಬೇಸತ್ತು ಬಾಗಿಲೇ ಹಾಕಿದ್ರು, ಊರಿನ ಜನ ಸೀಸನ್ ಟಿಕೆಟ್ ತಗೊಳ್ತೀವಿ ಅಂತ ಮುಂದೆ ಬಂದ ಮೇಲೆ ಮತ್ತೆ ತೆಗೆದ್ರು. 1935ರಲ್ಲಿ ಥಿಯೇಟರನ್ನ ಟ್ರಸ್ಟ್‌ಗೆ ವಹಿಸಿದ್ರು. ಲಾರೆನ್ಸ್ ಒಲಿವಿಯರ್, ರಾಲ್ಫ್ ರಿಚರ್ಡ್‌ಸನ್, ಪಾಲ್ ಸ್ಕೋಫೀಲ್ಡ್ ಥರದ ದೊಡ್ಡ ನಟರೆಲ್ಲಾ ಚಿಕ್ಕ ವಯಸ್ಸಲ್ಲಿ ಪಳಗಿದ್ದು ಅದೇ ಸ್ಟೇಜ್ ಮೇಲೆ.

1971ರಲ್ಲಿ ಕಂಪನಿ ಬ್ರಾಡ್ ಸ್ಟ್ರೀಟ್‌ನ ಹೊಸ ದೊಡ್ಡ ಕಟ್ಟಡಕ್ಕೆ ಹೋಯ್ತು. ಸ್ಟೇಷನ್ ಸ್ಟ್ರೀಟ್‌ದು ಓಲ್ಡ್ ರೆಪ್ ಅನ್ನೋ ಹೆಸರಲ್ಲಿ ಉಳಿದಿದೆ, ನ್ಯೂ ಸ್ಟ್ರೀಟ್ ಸ್ಟೇಷನ್ ಪಕ್ಕದಲ್ಲೇ, ಆ ಕಡೆ ಹೋದೋರು ನೋಡ್ಕೊಂಡೇ ಬನ್ನಿ.