ಬೀಗ ಹಾಕಿ ಬ್ಯಾಂಕ್ ಉಳಿಸಿದ ರೂಸ್‌ವೆಲ್ಟ್

ನಾನು ಶಾಖಾ ವ್ಯವಸ್ಥಾಪಕನಾಗಿದ್ದಾಗ ಒಂದು ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲೇ ಹೊರಗೆ ಜನ ಕಿಕ್ಕಿರಿದಿದ್ದರು. ಬ್ಯಾಂಕ್ ಮುಳುಗುತ್ತಿದೆ ಎಂದು ಹಿಂದಿನ ದಿನ ಸಂತೆಯಲ್ಲಿ ಯಾರೋ ಹಬ್ಬಿಸಿದ್ದರು. ನಮ್ಮ ಹಿರಿಯ ಕ್ಯಾಷಿಯರ್ ಮಾತೇ ಆಡಲಿಲ್ಲ. ತಿಜೋರಿಯಿಂದ ನೋಟಿನ ಕಟ್ಟುಗಳನ್ನು ತಂದು, ಎಲ್ಲರಿಗೂ ಕಾಣುವಂತೆ ಗಾಜಿನ ಹಿಂದೆ ಪೇರಿಸಿಟ್ಟರು. ಮಧ್ಯಾಹ್ನದ ಹೊತ್ತಿಗೆ ಸಾಲು ಕರಗಿತು. ಆ ಕಟ್ಟುಗಳು ನಮ್ಮ ಒಟ್ಟು ಠೇವಣಿಯ ಸಣ್ಣ ಪಾಲು ಮಾತ್ರ. ಉಳಿದದ್ದು ಪಂಪ್‌ಸೆಟ್, ಅಂಗಡಿ, ಮನೆ ಸಾಲವಾಗಿ ಊರಿನಲ್ಲೇ ಓಡಾಡುತ್ತಿತ್ತು. ಎಷ್ಟೇ ಗಟ್ಟಿ ಬ್ಯಾಂಕಾದರೂ ಎಲ್ಲರೂ ಒಂದೇ ದಿನ ಬಂದು ನಿಂತರೆ ಕೈಚೆಲ್ಲಬೇಕಾಗುತ್ತದೆ.

1933ರ ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಪ್ರಮಾಣವಚನ ಸ್ವೀಕರಿಸಿದಾಗ ಇಡೀ ಅಮೆರಿಕವೇ ಇಂಥ ಸಾಲಿನಲ್ಲಿ ನಿಂತಿತ್ತು. ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಮೂರು ವರ್ಷಗಳಲ್ಲಿ ಸಾವಿರಾರು ಬ್ಯಾಂಕುಗಳು ಮುಳುಗಿದ್ದವು. ಹೊಸ ಅಧ್ಯಕ್ಷರು ನೋಟಿನ ಕಟ್ಟು ತೋರಿಸಲಿಲ್ಲ. ಮಾರ್ಚ್ 6ರಂದು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿದರು. ಅದಕ್ಕೆ ಆಧಾರವಾಗಿ ಹಿಡಿದದ್ದು 1917ರ ಯುದ್ಧಕಾಲದ ಒಂದು ಕಾಯ್ದೆ, ಶತ್ರು ದೇಶಗಳೊಡನೆ ವ್ಯಾಪಾರ ತಡೆಯಲು ಮಾಡಿದ್ದು! 9ರಂದು ತುರ್ತು ಮಸೂದೆ ಸಂಸತ್ತಿಗೆ ಬಂದಾಗ ಸದಸ್ಯರಿಗೆಲ್ಲ ಹಂಚಲು ಪ್ರತಿಗಳೂ ಇರಲಿಲ್ಲ. ಓದಿ ಹೇಳಿದ್ದನ್ನು ಕೇಳಿಯೇ ಒಪ್ಪಿದರು. ಅಂದೇ ರಾತ್ರಿ ಸಹಿಯೂ ಬಿತ್ತು. ಇದನ್ನು ಸಿದ್ಧಪಡಿಸಲು ಚುನಾವಣೆಯಲ್ಲಿ ಸೋತ ಹಿಂದಿನ ಅಧ್ಯಕ್ಷ ಹೂವರ್ ಅವರ ಅಧಿಕಾರಿಗಳೇ ಹಗಲುರಾತ್ರಿ ಕುಳಿತರು ಎಂಬುದನ್ನು ಮರೆಯಬಾರದು.

ಗಟ್ಟಿ ಬ್ಯಾಂಕುಗಳನ್ನು ಮಾತ್ರ ತೆರೆಯುವುದು, ಅವುಗಳ ಆಸ್ತಿಯ ಮೇಲೆ ಅಮೆರಿಕದ ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್ ಧಾರಾಳವಾಗಿ ನಗದು ಕೊಡುವುದು: ಇದು ಯೋಜನೆ. ಆದರೆ ಒಂದೇ ಶಾಖೆಯ ತಪಾಸಣೆಗೆ ವಾರ ಹಿಡಿಯುವುದನ್ನು ಕಂಡವನು ನಾನು. ಸಾವಿರಾರು ಬ್ಯಾಂಕುಗಳನ್ನು ಒಂದು ವಾರದಲ್ಲಿ ಜರಡಿ ಹಿಡಿದರು ಎಂದರೆ ಹೇಗೆ ನಂಬಲಿ? ಕ್ಯಾಲಿಫೋರ್ನಿಯಾದಲ್ಲಿ ನಾನೂರಕ್ಕೂ ಹೆಚ್ಚು ಶಾಖೆಗಳಿದ್ದ ಬ್ಯಾಂಕ್ ಆಫ್ ಅಮೆರಿಕವನ್ನು ತೆರೆಯಲು ಸ್ಯಾನ್ ಫ್ರಾನ್ಸಿಸ್ಕೊದ ರಿಸರ್ವ್ ಅಧಿಕಾರಿ ಒಪ್ಪಲಿಲ್ಲ. ಖಜಾನೆ ಕಾರ್ಯದರ್ಶಿ ವುಡಿನ್, ಮುಚ್ಚಿದರೆ ಹೊಣೆ ನೀವು ಹೊರುತ್ತೀರಾ ಎಂದು ಕೇಳಿದರು. ಅಧಿಕಾರಿ ಹಿಂದೆ ಸರಿದರು. ಬ್ಯಾಂಕ್ ತೆರೆಯಿತು. ಅರ್ಧ ಲೆಕ್ಕ, ಅರ್ಧ ಧೈರ್ಯ.

12ರ ಭಾನುವಾರ ರಾತ್ರಿ ರೂಸ್‌ವೆಲ್ಟ್ ರೇಡಿಯೊದಲ್ಲಿ ಮಾತನಾಡಿದರು. ನಿಮ್ಮ ಠೇವಣಿ ತಿಜೋರಿಯಲ್ಲಿ ಕೂತಿರುವುದಿಲ್ಲ, ಸಾಲವಾಗಿ ಹೊರಗೆ ದುಡಿಯುತ್ತಿರುತ್ತದೆ ಎಂಬಲ್ಲಿಂದಲೇ ಶುರು. ನಾವು ಗಿರಾಕಿಗಳಿಂದ ಮುಚ್ಚಿಡುವ ಸತ್ಯವನ್ನೇ ಅವರು ಮೊದಲು ಹೇಳಿಬಿಟ್ಟರು. ಹಾಸಿಗೆಯ ಕೆಳಗಿಡುವುದಕ್ಕಿಂತ ಮತ್ತೆ ತೆರೆದ ಬ್ಯಾಂಕಿನಲ್ಲಿಡುವುದೇ ಸುರಕ್ಷಿತ ಎಂದದ್ದು ಆಮೇಲೆ. ಮರುದಿನದಿಂದ ಹಂತ ಹಂತವಾಗಿ ಬಾಗಿಲು ತೆರೆದಾಗ ಜನ ಹಣ ತೆಗೆಯಲು ಅಲ್ಲ, ಕಟ್ಟಲು ಬಂದರು. ತಿಂಗಳು ಮುಗಿಯುವಷ್ಟರಲ್ಲಿ, ಭಯದಿಂದ ಮನೆ ಸೇರಿದ್ದ ನಗದಿನ ಸುಮಾರು ಮೂರನೇ ಎರಡು ಭಾಗ ಬ್ಯಾಂಕಿಗೆ ಮರಳಿತ್ತು. ಆರ್ಥಿಕ ಕುಸಿತವೇನೂ ಮುಗಿಯಲಿಲ್ಲ, ಸರ್ಕಾರ ಖರ್ಚು ಬಿಗಿಹಿಡಿದ ಮೇಲೆ 1937ರಲ್ಲಿ ಅರ್ಥವ್ಯವಸ್ಥೆ ಮತ್ತೆ ಮುಗ್ಗರಿಸಿತು.

ಬ್ಯಾಂಕ್ ಮುಳುಗಿದರೂ ಒಂದು ಮಿತಿಯವರೆಗೆ ಠೇವಣಿ ಹಿಂದಿರುಗಿಸುವ ಠೇವಣಿ ವಿಮೆ ರೂಸ್‌ವೆಲ್ಟ್ ಅವರಿಗೆ ಅಷ್ಟಾಗಿ ಇಷ್ಟವಿರಲಿಲ್ಲ. ಕೆಟ್ಟ ಬ್ಯಾಂಕಿನ ತಪ್ಪಿಗೆ ಒಳ್ಳೆಯ ಬ್ಯಾಂಕ್ ದಂಡ ತೆರಬೇಕಾಗುತ್ತದೆ ಎಂಬ ಅಳುಕು. ಆದರೂ ಜೂನ್‌ನಲ್ಲಿ ಸಹಿ ಹಾಕಿದರು. 1934ರ ಜನವರಿಯಿಂದ 2,500 ಡಾಲರ್‌ವರೆಗೆ ವಿಮೆ ಬಂತು. ನಮ್ಮಲ್ಲಿ ಅದು ಬರಲು ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಳುಗಬೇಕಾಯಿತು. 1962ರಲ್ಲಿ 1,500 ರೂಪಾಯಿಯಿಂದ ಶುರುವಾದ ಮಿತಿ ಈಗ 5 ಲಕ್ಷ. ಆ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತವರಲ್ಲಿ ಒಬ್ಬರೂ ಈ ವಿಮೆಯ ಬಗ್ಗೆ ಕೇಳಲಿಲ್ಲ. ನಾವೂ ಅದುವರೆಗೆ ಯಾರಿಗೂ ಹೇಳಿರಲಿಲ್ಲ.