ಪದ ಪರಿಚಯ: ಪೆಂಡಿಂಗ್ ಸೆಕ್ಟರ್

ಮುಂಬೈಯ ಲ್ಯಾಮಿಂಗ್ಟನ್ ರೋಡಿಗೆ ನಿಧಾನವಾದ ಕಂಪ್ಯೂಟರ್ ಹೊತ್ತು ಹೋದರೆ ಅಲ್ಲಿ ಕಿವಿಗೆ ಬೀಳುವ ಮೊದಲ ಮಾತು 'ಬ್ಯಾಡ್ ಸೆಕ್ಟರ್ ಹೈ'. ಎರಡನೆಯದು 'ಫಾರ್ಮ್ಯಾಟ್ ಕರ್ನಾ ಪಡೇಗಾ', ಅಂದರೆ ಇದ್ದದ್ದನ್ನು ಅಳಿಸಿ ಡಿಸ್ಕನ್ನು ಹೊಸದಾಗಿ ಸಜ್ಜು ಮಾಡಬೇಕು. ಈ ಎರಡರ ನಡುವೆ ಯಾರೂ ಆಡದ ಪದವೊಂದಿದೆ, ಪೆಂಡಿಂಗ್ ಸೆಕ್ಟರ್. ಡೊಂಬಿವಲಿಯ ಮನೆಯ ಹಳೇ ಕಂಪ್ಯೂಟರಿನಲ್ಲಿರುವ ಮದುವೆ ಫೋಟೊ, ಊರಿನ ಯಕ್ಷಗಾನದ ವಿಡಿಯೊ, ನುಡಿ ತಂತ್ರಾಂಶದಲ್ಲಿ ಟೈಪಿಸಿದ ಸಂಘದ ಲೆಕ್ಕಪತ್ರ ಇವೆಲ್ಲ ಉಳಿಯುತ್ತವೋ ಇಲ್ಲವೋ ಎಂಬುದು ಎಷ್ಟೋ ಸಲ ಈ ಪದದ ಅರ್ಥ ಗೊತ್ತಿರುವುದರ ಮೇಲೆ ನಿಂತಿರುತ್ತದೆ.

ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಮಾಹಿತಿ ಸಣ್ಣ ಸಣ್ಣ ಕಟ್ಟುಗಳಾಗಿ ಕೂತಿರುತ್ತದೆ. ಒಂದು ಕಟ್ಟು ಎಂದರೆ ಒಂದು ಸೆಕ್ಟರ್. ಹಳೆಯ ಡಿಸ್ಕುಗಳಲ್ಲಿ ಅದು 512 ಬೈಟ್, ಈಚಿನ ಬಹುತೇಕ ಡಿಸ್ಕುಗಳಲ್ಲಿ 4096 ಬೈಟ್. ಪ್ರತಿ ಸೆಕ್ಟರಿನ ಜೊತೆಗೂ ತಪ್ಪು ತಿದ್ದುವ ಕೋಡ್ ಇರುತ್ತದೆ. ಓದುವಾಗ ಸಣ್ಣಪುಟ್ಟ ತಪ್ಪಾದರೆ ಆ ಕೋಡೇ ಸರಿಪಡಿಸಿ ಕೊಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ತಿದ್ದಲಾರದಷ್ಟು ಕೆಟ್ಟಿದ್ದರೆ ಡಿಸ್ಕ್ ಅದೇ ಜಾಗವನ್ನು ಮತ್ತೆ ಮತ್ತೆ ಓದಿ ನೋಡುತ್ತದೆ. ಕೊನೆಗೂ ಆಗದಿದ್ದಾಗ ಆ ಸೆಕ್ಟರನ್ನು ಪೆಂಡಿಂಗ್ ಪಟ್ಟಿಗೆ ಬರೆದುಕೊಳ್ಳುತ್ತದೆ.

ಕೆಟ್ಟ ಸೆಕ್ಟರಿಗೆ ಬದಲಿ ಕೊಡಲೆಂದೇ ಪ್ರತಿ ಡಿಸ್ಕಿನಲ್ಲೂ ಒಂದಿಷ್ಟು ಮೀಸಲು ಜಾಗವಿದೆ. ಹಾಗಿದ್ದೂ ಡಿಸ್ಕ್ ಆ ಕೂಡಲೇ ಬದಲಿ ಕೊಡುವುದಿಲ್ಲ. ಯಾಕೆಂದರೆ ಬದಲಿ ಜಾಗದಲ್ಲಿ ಏನನ್ನು ಬರೆಯಬೇಕು ಎಂಬುದೇ ಅದಕ್ಕೆ ಗೊತ್ತಿಲ್ಲ, ಮೂಲವನ್ನು ಓದಲಾಗಿಲ್ಲವಲ್ಲ. ಸರ್ಕಾರಿ ಕಚೇರಿಯ ಪೆಂಡಿಂಗ್ ಫೈಲಿನ ಹಾಗೆಯೇ ಇದು: ತಿರಸ್ಕಾರವೂ ಆಗಿಲ್ಲ, ಮಂಜೂರೂ ಆಗಿಲ್ಲ. ಆ ಜಾಗಕ್ಕೆ ಯಾವುದಾದರೂ ಹೊಸ ಮಾಹಿತಿ ಬರೆಯುವ ದಿನ ಇತ್ಯರ್ಥವಾಗುತ್ತದೆ. ಬರೆದದ್ದನ್ನು ಸರಿಯಾಗಿ ಓದಲು ಬಂದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಬರದಿದ್ದರೆ ಮೀಸಲು ಜಾಗದಿಂದ ಬದಲಿ ಸಿಗುತ್ತದೆ, ಆಗ ಅದರ ಹೆಸರು 'ರೀಅಲೊಕೇಟೆಡ್ ಸೆಕ್ಟರ್'. ಎರಡರಲ್ಲಿ ಯಾವುದಾದರೂ ಅಲ್ಲಿ ಮೊದಲಿದ್ದ ಮಾಹಿತಿ ಹೋದಂತೆಯೇ. ಹಾಗಾಗಿ ಪೆಂಡಿಂಗ್ ಎಂದು ತೋರಿಸುತ್ತಿರುವಷ್ಟು ದಿನ ಮಾತ್ರ ಹಳೆಯದನ್ನು ಹೇಗಾದರೂ ಓದಿ ಪಡೆಯುವ ಆಸೆ ಉಂಟು.

ಕಂಪ್ಯೂಟರ್ ನಿಧಾನವಾಗುವುದಕ್ಕೂ ಇದಕ್ಕೂ ನೇರ ನಂಟಿದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು, ಲ್ಯಾಪ್‌ಟಾಪುಗಳ 5400ರ ಡಿಸ್ಕಿಗೆ 11. ತಪ್ಪಿದ ಸೆಕ್ಟರನ್ನು ಇನ್ನೊಮ್ಮೆ ಓದಬೇಕಾದರೆ ತಟ್ಟೆ ಒಂದು ಸುತ್ತು ಬಂದು ಅದೇ ಜಾಗ ಮಾಹಿತಿ ಓದುವ ಹೆಡ್ಡಿನ ಕೆಳಗೆ ಬರುವ ತನಕ ಕಾಯಲೇಬೇಕು. ನೂರು ಸಲ ಓದಿದರೆ ಒಂದು ಸೆಕೆಂಡ್ ಕಳೆಯಿತು. ಮನೆಬಳಕೆಯ ಡಿಸ್ಕುಗಳು ಒಂದು ಸೆಕ್ಟರಿಗಾಗಿ ಹತ್ತಾರು ಸೆಕೆಂಡ್ ಹಟ ಹಿಡಿಯುವುದುಂಟು. ಅಷ್ಟು ಹೊತ್ತೂ ವಿಂಡೋಸ್ ಕಾಯುತ್ತಿರುತ್ತದೆ. ಮೌಸ್ ಆಡುತ್ತದೆ, ಬೇರೇನೂ ಆಡುವುದಿಲ್ಲ. ಇದನ್ನು ವೈರಸ್ ಎಂದುಕೊಂಡು ಆಂಟಿವೈರಸ್ ಸ್ಕ್ಯಾನ್ ಹಾಕುವವರೇ ಹೆಚ್ಚು. ಇಡೀ ಡಿಸ್ಕನ್ನು ಓದಿಸುವ ಆ ಸ್ಕ್ಯಾನ್ ಕೆಟ್ಟ ಜಾಗಗಳನ್ನೆಲ್ಲ ಒಂದೊಂದಾಗಿ ತುಳಿದುಕೊಂಡು ಹೋಗುತ್ತದೆ.

ಗುರುತು ಹಿಡಿಯಲು ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕನ್ನು ನೋಡಿ. 100% ಎಂದಷ್ಟೇ ನೋಡಿ ಹೆದರಬೇಕಿಲ್ಲ. ಅದರ ಜೊತೆಗೆ ಓದುವ ವೇಗ ಸೆಕೆಂಡಿಗೆ 80–100 ಎಂಬಿ ಇದ್ದರೆ ಡಿಸ್ಕ್ ದುಡಿಯುತ್ತಿದೆ ಅಷ್ಟೆ. 100% ಇದ್ದೂ ವೇಗ ಸೊನ್ನೆಯ ಹತ್ತಿರವಿದ್ದು, 'ಆ್ಯವರೇಜ್ ರೆಸ್ಪಾನ್ಸ್ ಟೈಮ್' ಸಾವಿರಾರು ಮಿಲಿಸೆಕೆಂಡಿಗೆ ಏರಿದ್ದರೆ ಡಿಸ್ಕ್ ಎಲ್ಲೋ ತಡಕಾಡುತ್ತಿದೆ. ವಿಂಡೋಸಿನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರಿನ ಸಿಸ್ಟಮ್ ಲಾಗಿನಲ್ಲಿ 'ಡಿಸ್ಕ್' ಮೂಲದಿಂದ 7ನೇ ನಂಬರಿನ ದಾಖಲೆ ಬಂದಿದ್ದರೆ ಅದು ಬ್ಯಾಡ್ ಬ್ಲಾಕ್, 153 ಬಂದಿದ್ದರೆ ಮರುಪ್ರಯತ್ನ.

ಲೆಕ್ಕ ಖಚಿತವಾಗಿ ಸಿಗುವುದು ಡಿಸ್ಕೇ ಇಟ್ಟುಕೊಳ್ಳುವ ಆರೋಗ್ಯದ ಪಟ್ಟಿಯಲ್ಲಿ, ಅಂದರೆ ಸ್ಮಾರ್ಟ್ ಪಟ್ಟಿಯಲ್ಲಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಇದು ಕಾಣುತ್ತದೆ. 05 ಎಂಬ ಸಾಲು ಬದಲಿ ಕೊಟ್ಟ ಸೆಕ್ಟರುಗಳದ್ದು, ಸಿ5 ಪೆಂಡಿಂಗ್‌ನದ್ದು, ಸಿ6 ಡಿಸ್ಕ್ ತಾನೇ ನಡೆಸಿದ ಪರೀಕ್ಷೆಯಲ್ಲಿ ಓದಲಾಗದೆ ಹೋದವುಗಳದ್ದು. ನೋಡಬೇಕಾದದ್ದು ಬಲತುದಿಯ ರಾ ವ್ಯಾಲ್ಯೂ. ಇಲ್ಲೊಂದು ಎಡವಟ್ಟಿದೆ: ಅದು ಮೊದಲಿಗೆ ಹದಿನಾರರ ಎಣಿಕೆಯಲ್ಲಿರುತ್ತದೆ, ಕೊನೆಯಲ್ಲಿ 10 ಎಂದಿದ್ದರೆ ಅರ್ಥ 16. ಮೆನುವಿನಲ್ಲಿ ಅದನ್ನು ಹತ್ತರ ಎಣಿಕೆಗೆ ಬದಲಿಸಿಕೊಳ್ಳಬಹುದು. ಸೀಗೇಟ್ ಡಿಸ್ಕುಗಳ 01 ಮತ್ತು 07ನೇ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಂಡರೆ ಗಾಬರಿ ಬೇಡ, ಅವರು ಬರೆಯುವ ರೀತಿಯೇ ಹಾಗೆ.

ಸಿ7 ಸಾಲು ಬೇರೆಯದೇ ಕತೆ. ಅದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ತಂತಿಯಲ್ಲಿ ಹಾದಿ ತಪ್ಪಿದ ಮಾಹಿತಿಯ ಎಣಿಕೆ. ಮುಂಬೈ, ಗೋವಾದ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಕನೆಕ್ಟರಿನ ಲೋಹ ಮಂಕಾದಾಗ ಇದು ಏರಬಹುದು. ಆ ತಂತಿಯನ್ನು, ಅಂದರೆ ಸಾಟಾ ಕೇಬಲ್ಲನ್ನು ಬದಲಿಸಿ, ಇನ್ನೊಂದು ಪೋರ್ಟಿಗೆ ಚುಚ್ಚಿ. ಹಳೆಯ ಸಂಖ್ಯೆ ಇಳಿಯುವುದಿಲ್ಲ, ಇನ್ನು ಏರದಿದ್ದರೆ ಸಾಕು. ಕೇಬಲ್ಲಿನ ತಪ್ಪಿಗೆ ಡಿಸ್ಕ್ ಬದಲಿಸಿ ದುಡ್ಡು ಕಳೆದುಕೊಂಡ ಮನೆಗಳು ಕಡಿಮೆಯೇನಲ್ಲ.

ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಬಯಾಸ್ ಅಥವಾ ವಿಂಡೋಸ್ 'ಓಕೆ' ಎಂದದ್ದನ್ನು ನಂಬಿ ಕೂರಬಾರದು. ಕಂಪನಿ ಗೊತ್ತುಮಾಡಿದ ಮಿತಿ ದಾಟಿದ ಮೇಲಷ್ಟೇ ಅವು ಬಾಯಿಬಿಡುತ್ತವೆ, ಆ ಮಿತಿ ತೀರಾ ಸಡಿಲ. 2007ರಲ್ಲಿ ಗೂಗಲ್‌ನ ಎಂಜಿನಿಯರುಗಳು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮೊದಲ ಸ್ಕ್ಯಾನ್ ಎರರ್ (ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸುವಾಗ ಸಿಕ್ಕ ತಪ್ಪು) ಕಂಡ ಡಿಸ್ಕು ಮುಂದಿನ 60 ದಿನದಲ್ಲಿ ಕೈಕೊಡುವ ಸಂಭವ ಉಳಿದವಕ್ಕಿಂತ 39 ಪಟ್ಟು. ಅದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಇದೆ: ಕೆಟ್ಟುಹೋದ ಡಿಸ್ಕುಗಳಲ್ಲಿ 56%ಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಸಿ5ರಲ್ಲಿ ಸೊನ್ನೆ ಇದೆಯೆಂದು ಬ್ಯಾಕಪ್ ಬಿಡುವ ಹಾಗಿಲ್ಲ.

ಪೆಂಡಿಂಗ್ ಎಲ್ಲವೂ ಸಾವಿನ ಮುನ್ಸೂಚನೆಯೂ ಅಲ್ಲ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಸೆಕ್ಟರ್ ಅರ್ಧ ಬರೆದಂತಾಗಿ ಕೋಡಿಗೆ ತಾಳೆಯಾಗುವುದಿಲ್ಲ. ತಟ್ಟೆಗೆ ಏನೂ ಆಗಿರುವುದಿಲ್ಲ, ಹೊಸದಾಗಿ ಬರೆದರೆ ಸರಿಹೋಗುತ್ತದೆ. ಗೋವಾದ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್ ನಡೆಸುವವರಿಗೆ ಇಂಥ ಒಂದೆರಡು ಸೆಕ್ಟರ್ ಕಂಡರೆ ಆಶ್ಚರ್ಯವಿಲ್ಲ. ಎರಡು ಎಂದದ್ದು ಮರುವಾರ 8, ಆಮೇಲೆ 40 ಆದರೆ ತಟ್ಟೆಯೋ ಹೆಡ್ಡೋ ಸವೆಯುತ್ತಿದೆ.

ಈಗ ಮಾಡಬೇಕಾದ್ದು. ಮೊದಲು ನಕಲು, ಆಮೇಲೆ ರಿಪೇರಿ. ಈ ಕ್ರಮ ತಪ್ಪಿದರೆ ಉಳಿದ ಯಾವ ಜಾಣತನವೂ ಕೆಲಸಕ್ಕೆ ಬಾರದು. ವಿಂಡೋಸಿನ ಡಿಸ್ಕ್ ಪರೀಕ್ಷಕವಾದ ಚೆಕ್‌ಡಿಸ್ಕನ್ನು ಸ್ಲ್ಯಾಶ್ ಆರ್ ಕೊಟ್ಟು (chkdsk /r) ಓಡಿಸುವುದನ್ನೇ ಎಲ್ಲರೂ ಮೊದಲ ಮದ್ದಾಗಿ ಹೇಳುತ್ತಾರೆ. ಅದು ಡಿಸ್ಕನ್ನು ಪೂರ್ತಿ ಓದಿ, ಓದಲಾಗದ ಜಾಗವನ್ನು ಫೈಲಿನಿಂದ ಕಿತ್ತುಹಾಕಿ, ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕವಿಡುವ ಫೈಲ್ ಸಿಸ್ಟಮನ್ನೇ ತಿದ್ದಿ ಬರೆಯುತ್ತದೆ. ನಕಲು ಇಲ್ಲದ ಡಿಸ್ಕಿನ ಮೇಲೆ ಇದು ಬೇಡವೇ ಬೇಡ. ತೀರಾ ಬೇಕಾದ ಫೋಲ್ಡರುಗಳನ್ನು ಹೊರಗಿನ ಡಿಸ್ಕಿಗೆ ಮೊದಲು ಎಳೆದುಕೊಳ್ಳಿ. ಕಾಪಿ ನಡುವೆ ಸಿಕ್ಕಿಕೊಳ್ಳುತ್ತಿದ್ದರೆ ಪೆನ್ ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶ ಬಳಸಿ, ಅಷ್ಟೇ ಅಥವಾ ಹೆಚ್ಚು ಗಾತ್ರದ ಖಾಲಿ ಡಿಸ್ಕಿಗೆ ಇಡೀ ಪ್ರತಿ ತೆಗೆಯಿರಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಬಾಚಿಕೊಂಡು, ತೊಡಕಿನ ಜಾಗಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ನಕಲಾಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ, ಮಧ್ಯೆ ನಿಂತರೆ ಬಿಟ್ಟಲ್ಲಿಂದಲೇ ಮುಂದುವರಿಯುವುದು ಅದರಿಂದ. ಯಾವುದು ಮೂಲ, ಯಾವುದು ಗುರಿ ಎಂದು ಎಂಟರ್ ಒತ್ತುವ ಮುಂಚೆ ಎರಡು ಸಲ ನೋಡಿ. ತಿರುವುಮುರುವಾದರೆ ಖಾಲಿ ಡಿಸ್ಕ್ ನಿಮ್ಮ ಫೋಟೊಗಳ ಮೇಲೆ ಕೂರುತ್ತದೆ.

ಟಕ್ ಟಕ್ ಸದ್ದು ಬರುತ್ತಿದ್ದರೆ ಇದಾವುದೂ ಬೇಡ, ವಿದ್ಯುತ್ ತೆಗೆಯಿರಿ. ಹೆಡ್ ಸೋತಿದೆ, ಓಡಿದಷ್ಟೂ ತಟ್ಟೆ ಗೀರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುವ ಹಳೆಯ ಉಪಾಯ ಮುಂಬೈಯ ಗಾಳಿಗಂತೂ ಹೇಳಿಸಿದ್ದಲ್ಲ. ಹೊರಗೆ ತೆಗೆದ ಕ್ಷಣವೇ ಅದರ ಮೇಲೆ ನೀರು ಕೂರುತ್ತದೆ.

ಅಂಗಡಿಯವರ ಫಾರ್ಮ್ಯಾಟ್ ಮಾತಿಗೆ ಬಂದರೆ, ಪೂರ್ತಿ ಫಾರ್ಮ್ಯಾಟ್ ಎಲ್ಲ ಸೆಕ್ಟರಿನ ಮೇಲೂ ಸೊನ್ನೆ ಬರೆಯುವುದರಿಂದ ಸಿ5 ಖಾಲಿಯಾಗುತ್ತದೆ. 'ಠೀಕ್ ಹೋ ಗಯಾ' ಎಂದು ಡಿಸ್ಕ್ ಕೈಗೆ ಬಂದಾಗ 05ನೇ ಸಾಲು ನೋಡಿ. ಮೊದಲಿಗಿಂತ ಅದು ಏರಿದ್ದರೆ ಪೆಂಡಿಂಗ್ ಇದ್ದವು ಅಲ್ಲಿಗೆ ಹೋಗಿ ಸೇರಿವೆ. ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಹೆಚ್ಚಿನ ಸೆಕ್ಟರುಗಳನ್ನು ಅದು ಮುಟ್ಟಿಯೇ ಇಲ್ಲ. ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಳ್ಳುವಾಗಲೂ ಇದೇ ಸಾಲು, ಜೊತೆಗೆ ಓಡಿದ ಗಂಟೆ ತೋರಿಸುವ 09ನೇ ಸಾಲು. ವರ್ಷಕ್ಕೆ 8,760 ಗಂಟೆ, ಹಾಗಾಗಿ 26,000 ಎಂದಿದ್ದರೆ ಆ ಡಿಸ್ಕ್ ಹಗಲುರಾತ್ರಿ ಮೂರು ವರ್ಷ ದುಡಿದು ಬಂದಿದೆ.